ಕಾಫಿ ಆರುವಷ್ಟು ಹೊತ್ತು

ಮೈಸೂರಿನ ಸರಸ್ವತಿಪುರಂ ಮೇಷ್ಟ್ರುಗಳ, ವಿದ್ಯಾರ್ಥಿಗಳ ಬಡಾವಣೆ. ಪಕ್ಕದಲ್ಲೇ ಕುಕ್ಕರಹಳ್ಳಿ ಕೆರೆ, ಅದರಾಚೆ ಮಾನಸಗಂಗೋತ್ರಿ. ಇಲ್ಲಿನ ಹಿರಿಯರನ್ನು ಹಳೆಯ ದಿನಗಳ ಬಗ್ಗೆ ಕೇಳಿದರೆ, ಮಾತು ತಿರುಗಿ ತಿರುಗಿ ಬೀದಿ ಮೂಲೆಯ ಕಾಫಿ ಹೋಟೆಲಿಗೇ ಬಂದು ನಿಲ್ಲುತ್ತದೆ.

ಅಲ್ಲಿ ಒಂದೇ ದಿನಪತ್ರಿಕೆಯ ಹಾಳೆಗಳು ನಾಲ್ಕು ಮೇಜುಗಳಿಗೆ ಹಂಚಿಹೋಗುತ್ತಿದ್ದವು. ಮಾಣಿ ಕೇಳದೆಯೇ ‘ಬೈಟು’ ತಂದಿಡುತ್ತಿದ್ದ. ಅರ್ಧ ಲೋಟ ಕಾಫಿಗೆ ಒಂದು ಗಂಟೆ ಕುರ್ಚಿ ಸಿಗುತ್ತಿತ್ತು. ನಿವೃತ್ತ ಗುಮಾಸ್ತರು ಬಜೆಟ್ ವಿಮರ್ಶೆ ಮಾಡುವಾಗ, ಪಕ್ಕದಲ್ಲಿ ಕೂತ ಕಾಲೇಜು ಹುಡುಗ ಬಾಯಿ ಮುಚ್ಚಿ ಕೇಳುತ್ತಿದ್ದ. ಧೈರ್ಯ ಬಂದ ದಿನ ತಾನೂ ಒಂದು ಮಾತು ಸೇರಿಸುತ್ತಿದ್ದ.

ಮಕ್ಕಳೇ, ಇಲ್ಲೊಂದು ವಿಜ್ಞಾನದ ಪಾಠವೂ ಇದೆ. ಕಾಫಿಯನ್ನು ಅಗಲ ಬಾಯಿಯ ಡಬರಿಗೆ ಸುರಿದರೆ ಗಾಳಿ ತಾಗುವ ಮೇಲ್ಮೈ ಹೆಚ್ಚುತ್ತದೆ, ಆವಿಯಾಗುವಿಕೆ ಹೆಚ್ಚಿ ಕಾಫಿ ಬೇಗ ಆರುತ್ತದೆ. ಕಿರಿದಾದ ಲೋಟದಲ್ಲಿ, ನೊರೆಯ ಹೊದಿಕೆಯಡಿ, ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಅವಸರದವರು ಡಬರಿಗೆ ಸುರಿಯುತ್ತಾರೆ. ಮಾತಿಗೆ ಕೂತವರು ಲೋಟದಲ್ಲೇ ಬಿಡುತ್ತಾರೆ!

ಇಂಥ ಮಾತು ಕಾಡುಹರಟೆ ಎಂದು ತಳ್ಳಿಹಾಕುವಂತಿಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನಲ್ಲಿ ಕಾಫಿ ಮನೆಗಳಿಗೆ ‘ಪೆನ್ನಿ ವಿಶ್ವವಿದ್ಯಾಲಯ’ ಎಂಬ ಹೆಸರು ಬಿದ್ದಿತ್ತು. ಒಂದು ಪೆನ್ನಿ ಕೊಟ್ಟವನಿಗೆ ಕಾಫಿಯ ಜೊತೆ ಪತ್ರಿಕೆಯೂ ಪಂಡಿತರ ಚರ್ಚೆಯೂ ದಕ್ಕುತ್ತಿದ್ದವು. ಮೈಸೂರಿನಲ್ಲೂ ಅಷ್ಟೆ. 1950ರ ದಶಕದಲ್ಲಿ ಸೇಂಟ್ ಫಿಲೋಮಿನಾ ಕಾಲೇಜಿನ ಅಧ್ಯಾಪಕ ಗೋಪಾಲಕೃಷ್ಣ ಅಡಿಗರೂ, ಅವರಿಗಿಂತ ಹದಿನಾಲ್ಕು ವರ್ಷ ಕಿರಿಯರಾದ ಯು.ಆರ್. ಅನಂತಮೂರ್ತಿಯವರೂ ಕಾಫಿ ಹೌಸಿನಲ್ಲಿ ಎದುರುಬದುರು ಕೂತು ಸಾಹಿತ್ಯ ಚರ್ಚಿಸುತ್ತಿದ್ದರು. ಕನ್ನಡದ ನವ್ಯ ಸಾಹಿತ್ಯ ಬೆಳೆದದ್ದು ಇಂಥ ಮೇಜುಗಳ ಸುತ್ತಲೂ ಹೌದು.

ಆದರೆ ಎಲ್ಲವೂ ಚೆನ್ನಾಗಿತ್ತು ಎನ್ನಲಾಗದು. ಆ ಮೇಜುಗಳಲ್ಲಿ ಹೆಣ್ಣುಮಕ್ಕಳು ಕಾಣುತ್ತಿದ್ದುದು ಅಪರೂಪ. ಬಂದರೂ ಮನೆಯವರೊಡನೆ ‘ಫ್ಯಾಮಿಲಿ ರೂಮ್’ ಸೇರುತ್ತಿದ್ದರು. ಚರ್ಚೆ ಅವರ ಕಿವಿಗೆ ಬೀಳುತ್ತಿರಲಿಲ್ಲ.

1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ‘ಕೆಫೆ ದರ್ಶಿನಿ’ ಶುರುವಾಯಿತು. ನಿಂತು ತಿನ್ನುವ ಈ ಪದ್ಧತಿ ಊರೂರಿಗೂ ಹಬ್ಬಿತು. ತಿಂಡಿ ಬೇಗ ಬಂತು, ಅಗ್ಗವಾಯಿತು, ಶುಚಿಯೂ ಕಣ್ಣೆದುರೇ ಕಂಡಿತು. ಹೋದದ್ದು ಕುರ್ಚಿ ಮಾತ್ರ. ಕುರ್ಚಿಯ ಜೊತೆಗೆ ಮಾತೂ ಹೋಯಿತು. ಇನ್ನು ಕುರ್ಚಿ ಇರುವಲ್ಲಿ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲು!

ಶಾಲೆ ಮಕ್ಕಳನ್ನು ವಯಸ್ಸಿನ ಪ್ರಕಾರ ವಿಂಗಡಿಸುತ್ತದೆ. ಟ್ಯೂಷನ್ ಅಂಕದ ಪ್ರಕಾರ. ಹದಿನಾರರ ಹುಡುಗಿ ಎಪ್ಪತ್ತರ ಅಜ್ಜನ ವಾದವನ್ನು ಕೇಳಿ, ‘ಅದು ಹೇಗೆ ತಾತ?’ ಎಂದು ಪ್ರಶ್ನಿಸುವ ಜಾಗ ಎಲ್ಲಿ ಉಳಿದಿದೆ? ಪೋಷಕರು ತಿಂಗಳಿಗೊಂದು ಭಾನುವಾರವಾದರೂ ಮಗನನ್ನೂ ಮಗಳನ್ನೂ ಕೂರಲು ಕುರ್ಚಿಯಿರುವ ಹೋಟೆಲಿಗೆ ಕರೆದೊಯ್ಯಲಿ. ನೆರೆಮನೆಯ ಹಿರಿಯರನ್ನೂ ಜೊತೆಗೆ ಕರೆಯಲಿ. ಅಂಕಗಳ ಮಾತು ಅಂದು ಬೇಡ. ಕಾಫಿ ಲೋಟದಲ್ಲೇ ಇರಲಿ, ಡಬರಿಗೆ ಸುರಿಯುವ ಆತುರವೂ ಬೇಡ.