ಹಂಚಿನ ತೂತಿನ ಸೂರ್ಯ

1980ನೆಯ ಇಸವಿಯ ಫೆಬ್ರುವರಿ 16, ಶನಿವಾರ. ಮಧ್ಯಾಹ್ನದ ಬಿಸಿಲು ಇಳಿಮುಖವಾದ ಹೊತ್ತಿನಲ್ಲಿ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ, ಅಂಕೋಲೆಯ ಕಡೆಯಿಂದ ನಮ್ಮ ನಾಡನ್ನು ಹೊಕ್ಕು, ಘಟ್ಟವನ್ನೇರಿ, ಮುಂಡಗೋಡ, ಹುಬ್ಬಳ್ಳಿ, ಗದಗಗಳ ಮೇಲೆ ಹಾದು ರಾಯಚೂರಿನತ್ತ ಧಾವಿಸಿತು. ಅಂದು ನಾನು ಮುಂಡಗೋಡದಲ್ಲಿ ಸೋದರಮಾವನ ಮನೆಯಲ್ಲಿಯೇ ಇದ್ದೆ. ಆದರೂ ಆ ಸಂಪೂರ್ಣ ಗ್ರಹಣವನ್ನು ನಾನು ಕಾಣಲಿಲ್ಲ. ನೀರಿನ ಕೊಡಕ್ಕೂ ಉಪ್ಪಿನಕಾಯಿಯ ಭರಣಿಗೂ ದರ್ಭೆಯಿಟ್ಟು, ಬಾಗಿಲಿಗೆ ಅಗಳಿ ಹಾಕಿಸಿ, "ಹೊರಗ ಯಾರೂ ಕಾಲಿಡಬ್ಯಾಡ್ರಿ" ಎಂದು ಅಜ್ಜಿ ಅಲ್ಲಿಯೇ ಜಪಮಾಲೆ ಹಿಡಿದು ಕುಳಿತುಬಿಟ್ಟಿದ್ದರು.

ನಾನು ಕಂಡುದು ಇಷ್ಟೇ. ಹಂಚಿನ ಒಂದು ತೂತಿನಿಂದ ಸಗಣಿ ಸಾರಿಸಿದ ನೆಲದ ಮೇಲೆ ದಿನವೂ ಬೀಳುತ್ತಿದ್ದ ಬೆಳಕಿನ ಬಿಲ್ಲೆ ಅಂದು ಸವೆಯುತ್ತ ಸವೆಯುತ್ತ ಕುಡುಗೋಲಿನಂತಾಯಿತು, ಬಳಿಕ ಗೆರೆಯಾಯಿತು, ಆಮೇಲೆ ಇಲ್ಲವಾಯಿತು. ಕೊಟ್ಟಿಗೆಯಲ್ಲಿ ದನಗಳು ಎದ್ದುನಿಂತ ಸದ್ದು ಕೇಳಿಸಿತು. ಮೂರು ನಿಮಿಷವೂ ತುಂಬದ ಆ ಕತ್ತಲೆ ಕಳೆದ ಮೇಲೆ ಅದೇ ಜಾಗದಲ್ಲಿ ಕುಡುಗೋಲು ಮತ್ತೆ ಮೂಡಿತು.

ಆ ಮೂರು ನಿಮಿಷಕ್ಕಾಗಿ ವಿಜ್ಞಾನಿಗಳು ಕಡಲು ದಾಟಿ ಬರುವುದೇಕೆ ಎಂದು ವಾಚಕರು ಕೇಳಬಹುದು. ಸೂರ್ಯನ ಬಿಂಬವು ಮರೆಯಾದಾಗ ಮಾತ್ರ ಅದರ ಅಂಚಿನ ಜ್ವಾಲೆಗಳೂ ಸುತ್ತಣ ಬೆಳ್ಳಿಯ ಕಿರೀಟವೂ ಕಣ್ಣಿಗೆ ಬೀಳುವುವು. ಆ ಬೆಳಕನ್ನು ಮುಮ್ಮೂಲೆಯ ಗಾಜಿನ ಮೂಲಕ ಹಾಯಿಸಿದರೆ ಅದು ಬಣ್ಣಬಣ್ಣವಾಗಿ ಬಿಡಿಸಿಕೊಳ್ಳುತ್ತದೆ. ಇದೇ ರೋಹಿತ. ಕಾದ ಅನಿಲವಾದರೆ ಅದರಲ್ಲಿ ಬಿಡಿಬಿಡಿಯಾದ ಗೆರೆಗಳು ಹೊಳೆಯುವುವು. ಒಂದೊಂದು ಮೂಲವಸ್ತುವಿಗೂ ಅದರದೇ ಗೆರೆಗಳು. ಒಂದರ ಗುರುತು ಇನ್ನೊಂದಕ್ಕಿಲ್ಲ. ಉಪ್ಪು ಹಾಕಿದ ಸಾರು ಉಕ್ಕಿ ಒಲೆಗೆ ಬಿದ್ದಾಗ ಅನಿಲದ ನೀಲಿ ಉರಿ ಥಟ್ಟನೆ ಹಳದಿಯಾಗುವುದನ್ನು ಗೃಹಿಣಿಯರೆಲ್ಲರೂ ಕಂಡಿದ್ದಾರೆ. ಅದು ಉಪ್ಪಿನೊಳಗಣ ಸೋಡಿಯಮ್ಮಿನ ಸಹಿ. ನಕ್ಷತ್ರಗಳು ಯಾವ ವಸ್ತುವಿನಿಂದಾದುವೆಂದು ಮನುಷ್ಯನು ಎಂದಿಗೂ ಅರಿಯಲಾರನೆಂದು ಫ್ರಾನ್ಸಿನ ತತ್ತ್ವಜ್ಞಾನಿ ಕಾಂಟ್ 1835ರಲ್ಲಿ ಬರೆದಿದ್ದನು. 1859ರಲ್ಲಿ ಜರ್ಮನಿಯ ಕಿರ್ಖಾಫ್ ಮತ್ತು ಬುನ್ಸೆನ್ ಈ ಸಹಿಗಳನ್ನು ಓದುವ ಬಗೆಯನ್ನು ತೋರಿಸಿಕೊಟ್ಟರು.

ಅದಾಗಿ ಒಂಬತ್ತೇ ವರ್ಷಕ್ಕೆ, 1868ರ ಆಗಸ್ಟ್ 18ರಂದು, ನಮ್ಮ ಜಮಖಂಡಿಯ ಮೇಲೆ ಇಂಥದೇ ನೆರಳು ಹಾದಿತು. ಯುರೇನಸ್ ಗ್ರಹವನ್ನು ಕಂಡುಹಿಡಿದ ಹರ್ಷೆಲನ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ರೋಹಿತದರ್ಶಕವನ್ನು ಹೂಡಿ ಕಾದಿದ್ದನು. ಶ್ರಾವಣದ ಮೋಡಗಳು ಅವನ ಹೊಟ್ಟೆಯುರಿಸಿರಬೇಕು! ಆದರೂ ಮೋಡ ಸರಿದ ಎಡೆಯಲ್ಲಿ ಜ್ವಾಲೆಯ ರೋಹಿತವು ಸಿಕ್ಕಿತು: ಕೆಂಪು, ಕಿತ್ತಳೆ, ನೀಲಿ, ಮೂರು ಉಜ್ವಲ ರೇಖೆಗಳು. ಜ್ವಾಲೆಗಳು ಉರಿಯುವ ಅನಿಲವೇ ಎಂಬುದು ಇದರಿಂದ ಸಿದ್ಧವಾಯಿತು. ಕಿತ್ತಳೆಯ ರೇಖೆಯನ್ನು ಅವನು ಸೋಡಿಯಮ್ಮಿನದೆಂದೇ ಬಗೆದನು.

ಅದು ಸೋಡಿಯಮ್ ಆಗಿರಲಿಲ್ಲ. ಸೋಡಿಯಮ್ಮಿನ ಜೋಡಿ ಗೆರೆಗಳ ಸ್ಥಾನ 589.0 ಮತ್ತು 589.6 ನ್ಯಾನೋಮೀಟರು, ಇದರದು 587.6. ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೋಮೀಟರೆಂದ ಮೇಲೆ, ಅಂತರವೆಷ್ಟು ಕಿರಿದೆಂದು ಊಹಿಸಿಕೊಳ್ಳಿ. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕ್ಯರನು ಗ್ರಹಣವಿಲ್ಲದೆಯೇ ಆ ಗೆರೆಯನ್ನು ಅಳೆದು, ಅದು ಬೇರೆಯದೆಂದು ಕಂಡನು. ಭೂಮಿಯಲ್ಲಿ ಆವರೆಗೆ ಯಾರೂ ಕಾಣದಿದ್ದ ಆ ವಸ್ತುವಿಗೆ ಹೀಲಿಯಮ್ ಎಂಬ ಹೆಸರು ಬಂತು. 1895ರಲ್ಲಿ ರ‍್ಯಾಮ್ಸೆ ಅದನ್ನು ಒಂದು ಖನಿಜದಿಂದ ಹೊರತೆಗೆದನು. ಜಮಖಂಡಿಯ ಮೂರು ಗೆರೆಗಳಲ್ಲಿ ಒಂದು ಹೊಸ ಮೂಲವಸ್ತು ಅವಿತುಕೊಂಡಿತ್ತೆಂದರೆ ಸೋಜಿಗವಲ್ಲವೆ?

ಇನ್ನು 1980ರ ಮಾತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅಂದು ಆ ನೆರಳಿನ ಹಾದಿಯಲ್ಲಿಯೇ ಬೀಡುಬಿಟ್ಟು, ಕಿರೀಟದ ಕೆಂಪು ರೇಖೆಯ ರೋಹಿತವನ್ನು ತೆಗೆದರು. ಅದರ ಸ್ಥಾನ 637.4 ನ್ಯಾನೋಮೀಟರು. ಇದು ಕಬ್ಬಿಣದ ಸಹಿ. ಆದರೆ ತನ್ನ 26 ಎಲೆಕ್ಟ್ರಾನುಗಳಲ್ಲಿ 9ನ್ನು ಕಳೆದುಕೊಂಡ ಕಬ್ಬಿಣದ್ದು. ಹಾಗೆ ಕಳೆದುಕೊಳ್ಳಬೇಕಾದರೆ ಸುಮಾರು ಹತ್ತು ಲಕ್ಷ ಡಿಗ್ರಿಯ ಕಾವು ಬೇಕು. ಸೂರ್ಯನ ಮೈಯೋ 5,500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನದು! ಒಲೆಗಿಂತ ಒಲೆಯ ಮೇಲಣ ಗಾಳಿ ಇನ್ನೂರು ಪಾಲು ಬಿಸಿಯಾದ ಹಾಗೆ. ಹೇಗೆಂಬುದು ಇಂದಿಗೂ ಪೂರ್ತಿಯಾಗಿ ಬಗೆಹರಿದಿಲ್ಲ. ರೇಖೆಯು ಎಷ್ಟು ಅಗಲವಾಗಿದೆಯೆಂಬುದನ್ನು ಅಳೆದು ಅನಿಲದ ಕಾವನ್ನೂ ಕದಲಿಕೆಯನ್ನೂ ಲೆಕ್ಕಹಾಕಿದ ಪ್ರಬಂಧವು 1982ರಲ್ಲಿ ಪ್ರಕಟವಾಯಿತು. ವೇಣು ಬಪ್ಪು ಅವರ ಹೆಸರೂ ಅದರಲ್ಲಿದೆ. ಆ ವರ್ಷವೇ ಅವರು ತೀರಿಕೊಂಡರು.

ದೂರದ ನಕ್ಷತ್ರಗಳಿಗೂ ಇದೇ ಓದು. ಜೋಯಿಡಾದ ಕಾಡಂಚಿನಲ್ಲಿ ಮಾಘದ ಒಂದು ರಾತ್ರಿ ನಿಂತು ನೋಡಿದರೆ ಲುಬ್ಧಕ ಬಿಳಿ, ಆರ್ದ್ರೆ ಕೆಂಪು ಎಂಬುದು ಬರಿಗಣ್ಣಿಗೇ ತಿಳಿಯುತ್ತದೆ. ಲುಬ್ಧಕದ ರೋಹಿತದಲ್ಲಿ ಹೈಡ್ರೊಜನ್ನಿನ ಗೆರೆಗಳು ಎದ್ದುಕಾಣುವುವು. ಅಷ್ಟು ಕಾವಿಲ್ಲದ ಆರ್ದ್ರೆಯಲ್ಲಿ ಟೈಟೇನಿಯಮ್ ಆಕ್ಸೈಡಿನ ಅಣುಗಳೇ ಒಡೆಯದೆ ಉಳಿದು ತಮ್ಮ ಪಟ್ಟೆಗಳನ್ನು ಮೂಡಿಸಿವೆ.

ಭಾರತದ ನೆಲಕ್ಕೆ ಮುಂದಿನ ಸಂಪೂರ್ಣ ಸೂರ್ಯಗ್ರಹಣವು 2034ರ ಮಾರ್ಚ್ 20ರಂದು, ಅದೂ ದೂರದ ಕಾಶ್ಮೀರದ ಕಡೆಗೆ. ಅಲ್ಲಿಗೆ ಹೋಗುವ ಶಕ್ತಿ ಆಗ ಇರುವುದೋ ಇಲ್ಲವೋ. ಮುಂಡಗೋಡದ ಆ ಮನೆಯಲ್ಲಿ ಬೆಳಕಿನ ಗೆರೆ ಮಾಯವಾಗಿದ್ದಾಗಲೂ ಹಂಚಿನ ತೂತಿನಿಂದ ಕಿರೀಟದ ಬೆಳಕು ಒಳಗೆ ಬೀಳುತ್ತಲೇ ಇದ್ದಿರಬೇಕು, ಆ ಕೆಂಪು ರೇಖೆಯೂ ಅದರಲ್ಲಿದ್ದಿರಬೇಕು. ಕಾಣುವಷ್ಟು ಇರಲಿಲ್ಲ, ಅಷ್ಟೇ.