ಕೊಯ್ಲಿಗೆ ವಿನಾಯಿತಿ ಇತ್ತು, ಕಣ್ಣಿಗೆ ಇರಲಿಲ್ಲ



ಕೋವಿಡ್ ಕಾಲದ ಪ್ರಸ್ತಾಪ ಬಂದಾಗಲೆಲ್ಲ ಅಧಿಕಾರಿಗಳೂ ಜನಪ್ರತಿನಿಧಿಗಳೂ ಒಂದು ಮಾತು ಹೇಳುತ್ತಾರೆ: ‘ಲಾಕ್‌ಡೌನ್‌ನಲ್ಲೂ ತುರ್ತು ಚಿಕಿತ್ಸೆ ನಿಂತಿರಲಿಲ್ಲ, ಆಸ್ಪತ್ರೆಗಳು ತೆರೆದೇ ಇದ್ದವು.’ ತಾಲ್ಲೂಕು ಆಸ್ಪತ್ರೆಯಲ್ಲಿ ನೇತ್ರಾಧಿಕಾರಿಯಾಗಿ ಆ ದಿನಗಳನ್ನು ಕಂಡ ನಾನು ಈ ಮಾತನ್ನು ಒಪ್ಪಲಾರೆ. ಆಸ್ಪತ್ರೆ ತೆರೆದಿದ್ದರೂ ಅಲ್ಲಿಗೆ ಬಂದು ಮುಟ್ಟಲಾಗದೆ ದೃಷ್ಟಿ ಕಳೆದುಕೊಂಡವರು ನಮ್ಮ ನಡುವೆ ಇದ್ದಾರೆ. ಸತ್ತವರ ಲೆಕ್ಕದಲ್ಲಿ ಅವರು ಬರುವುದಿಲ್ಲ. ಹಾಗಾಗಿ ಯಾರೂ ಅವರ ಬಗ್ಗೆ ಕೇಳುವುದೂ ಇಲ್ಲ.

2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ಹೊರಡಿಸಿದ ಆದೇಶವನ್ನು ಈಗಲೂ ತೆಗೆದು ಓದಬಹುದು. ಆಸ್ಪತ್ರೆ, ಕ್ಲಿನಿಕ್, ಔಷಧಿ ಅಂಗಡಿ, ಆಂಬುಲೆನ್ಸ್ ಕೆಲಸ ಮಾಡಬೇಕು ಎಂದು ಅದರಲ್ಲಿದೆ. ವೈದ್ಯರು, ದಾದಿಯರು, ಸಿಬ್ಬಂದಿಯ ಓಡಾಟಕ್ಕೆ ಅವಕಾಶವನ್ನೂ ಬಿಡಿಸಿ ಹೇಳಿದೆ. ಆದರೆ ಆಂಬುಲೆನ್ಸ್ ಸಿಗದ, ಸ್ವಂತ ವಾಹನವಿಲ್ಲದ ರೋಗಿ ಹಳ್ಳಿಯಿಂದ ಹೇಗೆ ಬರಬೇಕು ಎಂಬುದು ಅದರಲ್ಲಿಲ್ಲ. ಆ ವಾರ ನಿಂತ ನಮ್ಮ ಸರ್ಕಾರಿ ಬಸ್ಸುಗಳು ಮತ್ತೆ ರಸ್ತೆಗಿಳಿದದ್ದು ಮೇ 19ರಂದು.

ಕೃಷಿ ಕೆಲಸಕ್ಕೆ ಮಾತ್ರ ಮಾರ್ಚ್ ಮುಗಿಯುವುದರೊಳಗೇ ವಿನಾಯಿತಿ ಸಿಕ್ಕಿತು. ಅದು ಸರಿಯಾದ ನಿರ್ಧಾರವೇ. ತುಂಗಭದ್ರಾ ಎಡದಂಡೆಯಲ್ಲಿ ಬೇಸಿಗೆ ಭತ್ತದ ಕೊಯ್ಲು ಬರುವುದು ಏಪ್ರಿಲ್‌–ಮೇ ತಿಂಗಳಲ್ಲಿ. ನಿಲ್ಲಿಸಿದ್ದರೆ ಬೆಳೆ ಗದ್ದೆಯಲ್ಲೇ ಉದುರುತ್ತಿತ್ತು. ಆದರೆ ಕೊಯ್ಲು ಇದ್ದಲ್ಲಿ ಕಣ್ಣಿಗೆ ಪೆಟ್ಟೂ ಇರುತ್ತದೆ. ಭತ್ತದ ಗರಿ ಗೀರುತ್ತದೆ, ಹೊಟ್ಟು ಸಿಡಿಯುತ್ತದೆ. ಗೀರಿದ ಕರಿಗುಡ್ಡೆಯಲ್ಲಿ ಶಿಲೀಂಧ್ರ ಬೆಳೆದು ಹುಣ್ಣಾಗುತ್ತದೆ. ಬೇಗ ಬಂದರೆ ಹುಣ್ಣನ್ನು ಕೆರೆದು ಪರೀಕ್ಷಿಸಿ, ಗಂಟೆಗೊಮ್ಮೆ ನಟಾಮೈಸಿನ್ ಹನಿ ಹಾಕಿ ಕಣ್ಣು ಉಳಿಸಬಹುದು. ತಡವಾದರೆ ಹೂವು ಬೀಳುತ್ತದೆ, ಇಲ್ಲವೇ ಗುಡ್ಡೆಯೇ ತೂತಾಗುತ್ತದೆ.

ಹೀಗೆ ಹೊಟ್ಟು ಸಿಡಿದ ಕೂಲಿ ಹೆಣ್ಣುಮಗಳೊಬ್ಬಳನ್ನು ಅವಳ ಅಣ್ಣ ಬೈಕಿನಲ್ಲಿ ಕೂರಿಸಿಕೊಂಡು ಹೊರಟಿದ್ದ. ಚೆಕ್‌ಪೋಸ್ಟ್‌ನಲ್ಲಿ ತಡೆದರು. ‘ಕಣ್ಣು ಕೆಂಪಾಗಿದ್ದಕ್ಕ ದೊಡ್ಡ ದವಾಖಾನಿ ಯಾಕ? ಮೆಡಿಕಲ್‌ನ್ಯಾಗ ಡ್ರಾಪ್ಸ್ ತಗೊಂಡು ಮನೀಗೆ ನಡೀರಿ’ ಎಂದು ಕಳಿಸಿದರು. ಅವರು ಹಾಗೇ ಮಾಡಿದರು. ಅಂಗಡಿಯಲ್ಲಿ ಕೊಟ್ಟದ್ದು ಸ್ಟೀರಾಯ್ಡ್ ಇದ್ದ ಹನಿ. ಮೊದಲು ಉರಿ ಇಳಿದಂತಾಯಿತು, ಒಳಗೆ ಹುಣ್ಣು ಹಬ್ಬಿತು. ಬಸ್ಸು ಶುರುವಾದ ಮೇಲೆ ಆಕೆ ನನ್ನೆದುರು ಕುಳಿತಾಗ ರೆಪ್ಪೆ ಬಾತು ಅಂಟಿಕೊಂಡಿತ್ತು. ಬಿಡಿಸಿ ಟಾರ್ಚ್ ಹಿಡಿದರೆ ಕರಿಗುಡ್ಡೆ ಪೂರ್ತಿ ಬೆಳ್ಳಗಿತ್ತು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುವುದಷ್ಟೇ ಆಕೆಗೆ ಸಾಧ್ಯವಿತ್ತು. ತಡೆದ ಪೇದೆಯ ಮೇಲೆ ನನಗೆ ಸಿಟ್ಟಿಲ್ಲ. ಕಣ್ಣಿನ ಯಾವ ತೊಂದರೆ ತುರ್ತು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆದೇಶ ಬರೆದವರು ಹೇಳಬೇಕಿತ್ತು.

ಕಣ್ಣಿನ ಕಾಯಿಲೆಗಳಲ್ಲಿ ಕಾಯಬಹುದಾದವೂ ಇವೆ, ಕಾಯಲಾಗದವೂ ಇವೆ. ಸಾಮಾನ್ಯ ಪೊರೆ ಕೆಲವು ತಿಂಗಳು ಕಾದೀತು. ಅದೇ ಪೊರೆ ಹಣ್ಣಾಗಿ ಊದಿಕೊಂಡರೆ ಕಣ್ಣಿನ ಒತ್ತಡ ಏರುತ್ತದೆ, ತಲೆ ಸಿಡಿಯುತ್ತದೆ, ವಾಂತಿಯಾಗುತ್ತದೆ. ಪಿತ್ತ ಎಂದುಕೊಂಡು ಮನೆಯಲ್ಲೇ ಉಳಿದರೆ ನರ ಸತ್ತುಹೋಗುತ್ತದೆ. ಅಕ್ಷಿಪಟಲ ಕಳಚಿದರೆ ಅದರ ನಡುಭಾಗ ಏಳುವುದರೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಬಾತು ತಿಂಗಳಿಗೊಮ್ಮೆ ಚುಚ್ಚುಮದ್ದು ಪಡೆಯುತ್ತಿದ್ದವರಿಗೆ ಆ ಚುಚ್ಚುಮದ್ದು ತಪ್ಪಿದರೆ ಹೋದ ದೃಷ್ಟಿ ಪೂರ್ತಿ ಮರಳುವ ಖಾತ್ರಿಯಿಲ್ಲ.

ಎಲ್ಲಕ್ಕಿಂತ ಸಂಕಟದ್ದು ದಿನ ತುಂಬದೆ ಹುಟ್ಟಿದ ಶಿಶುಗಳದ್ದು. 34 ವಾರಕ್ಕೆ ಮುಂಚೆ ಹುಟ್ಟಿದ ಅಥವಾ ಎರಡು ಕೆ.ಜಿ.ಗಿಂತ ಕಡಿಮೆ ತೂಕದ ಮಗುವಿನ ಕಣ್ಣನ್ನು ಹುಟ್ಟಿದ 30 ದಿನದೊಳಗೆ ಪರೀಕ್ಷಿಸಬೇಕು. ಇಂಥ ಶಿಶುಗಳ ಅಕ್ಷಿಪಟಲಕ್ಕೆ ಬರುವ ಆರ್‌ಒಪಿ ಕಾಯಿಲೆ ತೀವ್ರವಾಗಿದ್ದರೆ ಎರಡು–ಮೂರು ದಿನದಲ್ಲೇ ಲೇಸರ್ ಆಗಬೇಕು. ಅದು ತಪ್ಪಿದರೆ ಮಗು ಬದುಕಿಡೀ ಕುರುಡಾಗಬಹುದು. ತಂತ್ರಜ್ಞರು ಕ್ಯಾಮೆರಾದೊಂದಿಗೆ ಜಿಲ್ಲೆಗಳಿಗೇ ಹೋಗಿ ಶಿಶುಗಳ ಕಣ್ಣು ನೋಡುವ ಯೋಜನೆ 2008ರಿಂದ ನಮ್ಮ ರಾಜ್ಯದಲ್ಲೇ ಇದೆ. ಆದರೂ ಬಿಡುಗಡೆಯಾಗಿ ಊರಿಗೆ ಹೋದ ಬಾಣಂತಿ ಬಸ್ಸಿಲ್ಲದ ಕಾಲದಲ್ಲಿ ಕೂಸನ್ನು ಎತ್ತಿಕೊಂಡು ಮರುಪರೀಕ್ಷೆಗೆ ಬರುವುದು ಹೇಗೆ?

ವೈದ್ಯರ ಭಯಕ್ಕೂ ಕಾರಣವಿತ್ತು ಎಂಬುದನ್ನು ಅಲ್ಲಗಳೆಯುವುದಿಲ್ಲ. ಕಣ್ಣು ನೋಡುವವರು ರೋಗಿಯ ಉಸಿರು ತಾಗುವಷ್ಟು ಹತ್ತಿರ ಕೂರಬೇಕು. ಈ ಸೋಂಕಿನ ಬಗ್ಗೆ ಮೊದಲು ಎಚ್ಚರಿಸಿದವರಲ್ಲಿ ಒಬ್ಬರಾದ ವುಹಾನ್‌ನ ಲಿ ವೆನ್‌ಲಿಯಾಂಗ್ ನೇತ್ರವೈದ್ಯರೇ. 2020ರ ಫೆಬ್ರುವರಿಯಲ್ಲಿ ಕೋವಿಡ್‌ಗೆ ಬಲಿಯಾದರು. ಕಾಯಬಹುದಾದ ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದ್ದು ಸರಿ. ಕಾಯಲಾಗದವರಿಗೆ ಬೇರೆ ದಾರಿ ಮಾಡದಿದ್ದದ್ದೇ ತಪ್ಪು.

ಮಾಡಲು ಆಗುತ್ತಿರಲಿಲ್ಲವೇ? 2021ರ ಮೇ ತಿಂಗಳಲ್ಲಿ ಕೋವಿಡ್ ಬಂದವರ ಕಣ್ಣನ್ನೂ ಕಾಡಿದ ಕಪ್ಪು ಶಿಲೀಂಧ್ರ ಹಬ್ಬಿದಾಗ ಸರ್ಕಾರ ಅದನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು, ಆಸ್ಪತ್ರೆಗಳನ್ನು ಗೊತ್ತುಮಾಡಿತು. ಔಷಧಿಯ ಕೊರತೆ ಕಾಡಿತಾದರೂ ಎಲ್ಲಿಗೆ ಹೋಗಬೇಕೆಂಬುದು ಜನರಿಗೆ ತಿಳಿಯಿತು. ಕೋವಿಡ್ ಬಾರದ ಕಣ್ಣಿಗೂ ಇಷ್ಟೇ ಕಾಳಜಿ ಬೇಕಿತ್ತು.

ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧತೆ ಮಾಡುವವರಲ್ಲಿ ನನ್ನ ಬೇಡಿಕೆಗಳು ಇವು. ನಿರ್ಬಂಧದ ಆದೇಶದಲ್ಲೇ ಕಣ್ಣಿನ ತುರ್ತು ಲಕ್ಷಣಗಳನ್ನು ಕನ್ನಡದಲ್ಲಿ ಬರೆಯಿರಿ: ದಿಢೀರ್ ದೃಷ್ಟಿ ಹೋಗುವುದು, ಪೆಟ್ಟು, ಸುಣ್ಣ ಅಥವಾ ರಾಸಾಯನಿಕ ಬೀಳುವುದು, ವಾಂತಿಯೊಂದಿಗೆ ಕಣ್ಣು ನೋವು. ಆ ಪಟ್ಟಿ ಪ್ರತಿ ಚೆಕ್‌ಪೋಸ್ಟ್‌ನಲ್ಲೂ 108ರ ಕರೆ ಕೇಂದ್ರದಲ್ಲೂ ಇರಲಿ. ಆಶಾ ಕಾರ್ಯಕರ್ತೆ ಬರೆದುಕೊಟ್ಟ ಚೀಟಿಯೇ ಪಾಸ್ ಆಗಲಿ. ಜಿಲ್ಲಾಸ್ಪತ್ರೆಯ ನೇತ್ರ ವಿಭಾಗವನ್ನು ಪೂರ್ತಿ ಬೇರೆ ಕೆಲಸಕ್ಕೆ ಹಚ್ಚದೆ, ಒಬ್ಬ ನೇತ್ರವೈದ್ಯರನ್ನೂ ಒಂದು ಶಸ್ತ್ರಚಿಕಿತ್ಸಾ ಕೊಠಡಿಯನ್ನೂ ಉಳಿಸಿಕೊಳ್ಳಿ. ದಿನ ತುಂಬದೆ ಹುಟ್ಟಿದ ಶಿಶುಗಳ ಪಟ್ಟಿ ಹಿಡಿದು ವಾಹನ ಕಳಿಸಿ ಕರೆಸಿ.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಸುತ್ತೋಲೆ ಸಾಕು. ಆರೋಗ್ಯ ಇಲಾಖೆ ಅದನ್ನು ಮುಂದಿನ ರೋಗ ಬಂದ ಮೇಲಲ್ಲ, ಈಗಲೇ ಹೊರಡಿಸಬೇಕೆಂದು ಒತ್ತಾಯಿಸುತ್ತೇನೆ.

– ನಿವೃತ್ತ ನೇತ್ರಾಧಿಕಾರಿ, ರಾಯಚೂರು ಜಿಲ್ಲೆ