ಊರಿನ ಹೆಸರಿಗೆ ಬೆಳೆಗಾರರೇ ಕಾವಲು

ದೊಡ್ಡಬಳ್ಳಾಪುರದ ಕಡೆ ನಮ್ಮದು ಬೆಂಗಳೂರು ಬ್ಲೂ ದ್ರಾಕ್ಷಿ ತೋಟ. ಕಲ್ಲುಕಂಬ, ತಂತಿಯ ಚಪ್ಪರ, ತಲೆಯ ಮೇಲೆ ಜೋತುಬಿದ್ದ ಗೊಂಚಲು ನೋಡುತ್ತಲೇ ಬೆಳೆದವನು ನಾನು. ದಕ್ಷಿಣ ಫ್ರಾನ್ಸಿನ ಶಾಟೋನಫ್ ದು ಪಾಪ್‌ನಲ್ಲಿ ಕಂಡ ದ್ರಾಕ್ಷಿಯೇ ಬೇರೆ. ಚಪ್ಪರವಿಲ್ಲದ ಮೋಟು ಗಿಡಗಳು. ಬುಡದಲ್ಲಿ ಮಣ್ಣೇ ಕಾಣದಷ್ಟು ಉರುಟು ಕಲ್ಲು, ಕೆಲವಂತೂ ತೆಂಗಿನಕಾಯಿ ಗಾತ್ರ. ಹೊತ್ತು ಮುಳುಗಿದ ಮೇಲೂ ಕೈಯಿಟ್ಟರೆ ಬಿಸಿ. ಹಗಲು ಹಿಡಿದಿಟ್ಟ ಕಾವನ್ನು ಕಲ್ಲು ರಾತ್ರಿಯಿಡೀ ಬಳ್ಳಿಗೆ ಬಿಟ್ಟುಕೊಡುತ್ತದೆ, ಅದರಡಿಯ ಜೇಡಿಮಣ್ಣು ತೇವ ಕಾಯುತ್ತದೆ. ಉತ್ತರದಿಂದ ನುಗ್ಗುವ ಮಿಸ್ತ್ರಾಲ್ ಗಾಳಿಗೆ ಗೊಂಚಲು ಒಣಗಿ, ಬೂಷ್ಟಿನ ಕಾಟ ತಗ್ಗುತ್ತದೆ. ಆ ಗಾಳಿಯ ಹೊಡೆತ ತಾಳಲೆಂದೇ ಬಳ್ಳಿಯನ್ನು ಕುಳ್ಳಗೆ ಸವರುತ್ತಾರೆ.

ಅಲ್ಲಿನ ಕೆಂಪು ವೈನ್ ದಟ್ಟ. ಗ್ರೆನಾಶ್ ದ್ರಾಕ್ಷಿಯೇ ಅದರಲ್ಲಿ ಹೆಚ್ಚು, ಜೊತೆಗೆ ಸಿರಾ, ಮೂರ್ವೆದ್ರ್. ಕಳಿತ ಹಣ್ಣಿನ ರುಚಿ, ಹಿಂದೆಯೇ ಮೆಣಸಿನ ಖಾರ, ಆ ಬಯಲಿನ ಒಣ ಗಿಡಮೂಲಿಕೆಗಳ ಘಮ. ಗಂಟಲಿಳಿದ ಮೇಲೂ ಬೆಚ್ಚಗಿರುತ್ತದೆ.

ಎಲ್ಲರೂ ಕಲ್ಲಿನ ಮಹಿಮೆ ಹೇಳುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅದೇ ಸೀಮೆಯ ಹೆಸರಾಂತ ರಾಯಾಸ್ ತೋಟ ಇರುವುದು ಮರಳು ನೆಲದಲ್ಲಿ. ಆ ಊರನ್ನು ಎತ್ತಿದ್ದು ಬೆಳೆಗಾರರ ಕಟ್ಟುಪಾಡು.

ಹತ್ತಿರದ ಅವಿನ್ಯೋನ್ ನಗರದಲ್ಲಿದ್ದ ಪೋಪರು 14ನೇ ಶತಮಾನದಲ್ಲಿ ಇಲ್ಲಿ ಕೋಟೆ ಕಟ್ಟಿಸಿದ್ದರಿಂದ ಊರಿಗೆ ಹೆಸರೇನೋ ಬಂತು. ಆದರೆ ಒಂದು ಕಾಲಕ್ಕೆ ಇಲ್ಲಿನ ವೈನ್ ಪೀಪಾಯಿಗಳಲ್ಲಿ ಬರ್ಗಂಡಿಗೆ ಹೋಗಿ, ಅಲ್ಲಿನ ತೆಳು ವೈನಿಗೆ ಬೆರಕೆಯಾಗುತ್ತಿತ್ತು. ಇತ್ತ ಎಲ್ಲಿಯದೋ ವೈನ್ ಈ ಊರಿನ ಹೆಸರಲ್ಲಿ ಬಿಕರಿಯಾಗುತ್ತಿತ್ತು. 1923ರಲ್ಲಿ ಬೆಳೆಗಾರರು ಕಾನೂನು ಓದಿದ ತೋಟದೊಡೆಯ ಪಿಯರ್ ಲ ರುವಾ ಅವರ ಮೊರೆ ಹೋದರು. ಅವರು ನಕಲಿಗಳ ಮೇಲೆ ಕೇಸು ಹಾಕಿಸಿ ಸುಮ್ಮನಾಗಲಿಲ್ಲ, ಮೊದಲು ನಮ್ಮ ಕೈ ನಾವೇ ಕಟ್ಟಿಕೊಳ್ಳೋಣ ಎಂದು ನಿಯಮ ಮುಂದಿಟ್ಟರು. ಥೈಮ್, ಲ್ಯಾವೆಂಡರ್ ಬೆಳೆಯುವಂಥ ಬಡ ನೆಲದಲ್ಲಷ್ಟೇ ದ್ರಾಕ್ಷಿ. ಗೊತ್ತುಪಡಿಸಿದ ತಳಿ ಮಾತ್ರ. ಮದ್ಯಸಾರ ಶೇ 12.5ಕ್ಕೆ ಕಡಿಮೆಯಾಗಕೂಡದು. ಕೊಯ್ದದ್ದರಲ್ಲಿ ಒಂದು ಪಾಲನ್ನು ಆರಿಸಿ ಎಸೆಯಲೇಬೇಕು. ಇವತ್ತಿಗೂ ಅಲ್ಲಿ ಕೊಯ್ಲಿಗೆ ಯಂತ್ರ ಇಳಿಸುವಂತಿಲ್ಲ. 1936ರಲ್ಲಿ ಸರ್ಕಾರ ದೇಶದ ಮೊದಲ ಕೆಲವು ಊರಹೆಸರಿನ ವೈನ್‌ಗಳಿಗೆ ಕಾನೂನಿನ ಮುದ್ರೆ ಒತ್ತಿದಾಗ ಇದೂ ಅವುಗಳಲ್ಲಿ ಒಂದಾಗಿತ್ತು.

ಬೆಳೆಗಾರನಾಗಿ ನನಗೆ ಹೆಚ್ಚು ತಾಗಿದ್ದು ಆ ಎಸೆಯುವ ನಿಯಮ. ವರ್ಷವಿಡೀ ಸಾಕಿದ ಗೊಂಚಲನ್ನು ಬೇಡವೆಂದು ಬದಿಗಿಡಲು ಎದೆ ಗಟ್ಟಿ ಬೇಕು. ಪಕ್ಕದ ತೋಟದವನೂ ಹಾಗೇ ಮಾಡುತ್ತಾನೆ ಎಂಬ ನಂಬಿಕೆ ಇದ್ದರೆ ಮಾತ್ರ ಅದು ಆಗುವ ಕೆಲಸ.

ಈಗ ಅಲ್ಲೂ ಬಿಸಿಲು ಏರಿ, ವೈನಿನ ಮದ್ಯಸಾರ ಶೇ 15 ಮುಟ್ಟುವುದು ಮಾಮೂಲಾಗಿದೆ. ಹಳಬರು ಒಂದೇ ತಳಿಗೆ ಜೋತುಬೀಳದೆ ಹದಿಮೂರು ತಳಿಗೆ ಜಾಗ ಬಿಟ್ಟಿದ್ದು ಇಂಥ ಹೊತ್ತಿಗೆ ಆಸರೆಯಾಗಿದೆ.

ನಮ್ಮ ಬೆಂಗಳೂರು ಬ್ಲೂಗೂ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. ನಂಜನಗೂಡು ರಸಬಾಳೆ, ಮೈಸೂರು ವೀಳ್ಯದೆಲೆ, ಕೊಡಗಿನ ಕಿತ್ತಳೆಗೂ ಇದೆ. ಇವುಗಳಿಗೆ ಅರ್ಜಿ ಹಾಕಿದ್ದು ತೋಟಗಾರಿಕೆ ಇಲಾಖೆ. ಅದು ಒಳ್ಳೆಯ ಕೆಲಸವೇ. ಆದರೆ ಯಾವ ಹಣ್ಣು ಈ ಹೆಸರಿಗೆ ತಕ್ಕದ್ದು, ಯಾವುದು ಅಲ್ಲ ಎಂದು ನನ್ನ ಸುತ್ತಿನ ಬೆಳೆಗಾರರು ಕೂತು ಮಾತಾಡಿದ್ದನ್ನು ನಾನು ಕಂಡಿಲ್ಲ. ಬಲಿಯದ ಗೊಂಚಲೂ ಮಾಗಿದ್ದೂ ಒಂದೇ ಕ್ರೇಟಿನಲ್ಲಿ ಮಂಡಿಗೆ ಹೋಗುತ್ತವೆ, ರೇಟೂ ಒಂದೇ.

ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಬೆಳೆಗಾರರಲ್ಲಿ ನನ್ನ ಮನವಿ ಇಷ್ಟೇ: ಮುಂದಿನ ಕೊಯ್ಲಿಗೆ ಮೊದಲು ಒಂದು ದಿನ ಒಟ್ಟಿಗೆ ಕೂರೋಣ. ಎಷ್ಟು ಸಿಹಿ ಬಂದಮೇಲೆ ಕೊಯ್ಯಬೇಕು, ಯಾವ ಗೊಂಚಲನ್ನು ಮಂಡಿಗೆ ಕಳಿಸಬಾರದು ಎಂಬ ಎರಡು ನಿಯಮವನ್ನಾದರೂ ನಾವೇ ಬರೆದು, ಸಹಿ ಹಾಕೋಣ.